ಡಬ್ಬಲ್ ಚೋಲ್ ಕಾರು

ನನ್ನ ಗಂಡ ಈಶ್ವರಪ್ರಸಾದರು ಹೊಸ ಅಡಿಕೆ ಮಾರಿದ್ದನ್ನು ನಾನು ನೋಡಿಲ್ಲ. ನಮ್ಮೂರು ಮೀಂಜದಲ್ಲಿ ಬೇರೆಯವರು ಸುಲಿದ ವಾರದಲ್ಲೇ ಮೂಟೆ ಹೊರಿಸಿ ಕಳಿಸಿಬಿಡುತ್ತಾರೆ. ಇವರು ಹಾಗಲ್ಲ. ಒಳಗೆ ಪ್ಲಾಸ್ಟಿಕ್ ಚೀಲ, ಹೊರಗೆ ಗೋಣಿ, ಬಾಯಿಗೆ ದಬ್ಬಣದ ಹೊಲಿಗೆ. ನೆಲದ ತಂಡಿ ತಾಗದ ಹಾಗೆ ಹಲಗೆಯ ಮೇಲೆ ಜೋಡಿಸಿದ ಮೇಲೆ ಆ ಕಡೆ ಯಾರೂ ಸುಳಿಯುವಂತಿಲ್ಲ. ಒಂದು ವರ್ಷ ದಾಟಿದರೆ ಅದು ಹಳತು, ಚೋಲ್. ಇನ್ನೂ ಒಂದು ವರ್ಷ ತಡೆದುಕೊಂಡರೆ ಡಬ್ಬಲ್ ಚೋಲ್, ಅದರ ಗತ್ತೇ ಬೇರೆ. ಈ ವಿದ್ಯೆಯಲ್ಲಿ ಇವರನ್ನು ಮೀರಿಸುವವರು ಪಂಚಾಯತಿನಲ್ಲೇ ಇಲ್ಲ ಎಂದು ಒಪ್ಪಿಕೊಳ್ಳಲು ನನಗೇನೂ ಸಂಕಟವಿಲ್ಲ. ನನ್ನ ಜಗಳ ಅಡಿಕೆಯ ಮೇಲಲ್ಲ. ಕಾರನ್ನೂ ಹಾಗೆಯೇ ಮೂಟೆ ಕಟ್ಟಿದ್ದರ ಮೇಲೆ.

ಎಂತಹ ಕಾರು! ಕಂಪೆನಿಯ ಹೆಸರು ಹೇಳುವುದಿಲ್ಲ, ಬಿಟ್ಟಿ ಜಾಹೀರಾತು ಕೊಡಲು ನನಗೇನು ಗ್ರಹಚಾರವೇ? ಎರಡೇ ಬಾಗಿಲು. ಉದ್ದದ ಬಾನೆಟ್, ಅದರೊಳಗೆ ಎಂಟು ಸಿಲಿಂಡರಿನ ಎಂಜಿನ್. ಬಣ್ಣ ಕಡು ಹಸಿರು, ಸೀಟಿಗೆ ಜೇನಿನ ಬಣ್ಣದ ಚರ್ಮ. ಮಾಡು, ಅಂದರೆ ಮೇಲಿನ ಚಾವಣಿ, ಬಟ್ಟೆಯದ್ದು. ಒಂದು ಗುಂಡಿ ಒತ್ತಿದರೆ ಹಿಂದಿನ ಮುಚ್ಚಳ ತೆರೆದುಕೊಂಡು, ಮಾಡು ತಾನೇ ಎದ್ದು, ಮಡಚಿಕೊಂಡು ಅದರೊಳಗೆ ಹೋಗಿ ಮಲಗುತ್ತದೆ. ಆಮೇಲೆ ತಲೆಯ ಮೇಲೆ ಆಕಾಶ ಮಾತ್ರ. ಇಂತಹದ್ದಕ್ಕೆ ಗ್ರ್ಯಾಂಡ್ ಟೂರರ್ ಎನ್ನುತ್ತಾರಂತೆ. ದೂರದೂರಿಗೆ ಬಳಲದೆ, ಗಾಳಿ ಕುಡಿಯುತ್ತಾ ಹೋಗಲಿಕ್ಕೆಂದೇ ಮಾಡಿದ ಗಾಡಿ.

ಇದನ್ನು ಬೆಂಗಳೂರಿನಿಂದ ತಂದವನು ಇವರ ಶಾಲಾ ಗೆಳೆಯ ಹರಿನಾಥ. ದುಬಾಯಿಯಿಂದ ಬಂದು ಹೊಸಂಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವನು. ಅವನ ತಾಯಿ ಅಮ್ಮಣ್ಣಿಯಮ್ಮ ಒಂದೇ ಸಲ ಇದರಲ್ಲಿ ಕೂತರು. ಕುಂಬಳೆ ಮುಟ್ಟುವಾಗ ಸೆರಗು ಹಾರಿ, ತುರುಬು ಬಿಚ್ಚಿ, ಮುಡಿದ ಮಲ್ಲಿಗೆ ಹಿಂದಿನ ಬೈಕಿನವನ ಹೆಲ್ಮೆಟಿಗೆ ಸುತ್ತಿಕೊಂಡಿತ್ತು. ಆಮೇಲೆ ಅವರು ಆ ಕಾರನ್ನು ಮನೆಯ ಅಂಗಳದಲ್ಲಿ ನಿಲ್ಲಿಸಲಿಕ್ಕೂ ಬಿಡಲಿಲ್ಲ. ಹಳೆ ಅಡಿಕೆಗೆ ಒಳ್ಳೆಯ ರೇಟು ಬಂದ ವರ್ಷ ಅದು. ಕಾರು ನಮ್ಮ ಮನೆಗೆ ಬಂತು.

ತಂದ ದಿನ ಹೊಸಂಗಡಿಯಿಂದ ಮನೆಯವರೆಗೆ ಇವರು ಕಾರು ಬಿಟ್ಟರು, ನಾನು ಪಕ್ಕದಲ್ಲಿ ಕೂತೆ. ಮಾಡು ತೆರೆದಿತ್ತು. ಸೌದಾಮಿನಿ ಎಂದು ಮಿಂಚಿನ ಹೆಸರಿಟ್ಟುಕೊಂಡು ಅಷ್ಟು ವರ್ಷ ಒಂದು ಹಳೆಯ ಸ್ಕೂಟರಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದ ನನಗೆ, ಆ ಅರ್ಧ ಗಂಟೆಯಲ್ಲಿ ಎದೆ ಉಬ್ಬಿ ಬಂದದ್ದನ್ನು ಹೇಗೆ ಹೇಳಲಿ? ಗಣಿತದ ಟೀಚರು ನಾನು, ಅಷ್ಟು ಸುಲಭಕ್ಕೆ ಕರಗುವವಳಲ್ಲ. ಆದರೆ ಆ ಸಂಜೆ ಕರಗಿದೆ.

"ನಾಳೆ ನೀನು ಬಿಡು," ಎಂದರು ಇವರು.

ನಮ್ಮ ಪಿಕಪ್ ಬಿಟ್ಟು ನನಗೆ ಅಭ್ಯಾಸ ಇತ್ತು, ಆದರೆ ಆ ನಾಳೆ ಬರಲೇ ಇಲ್ಲ. ರಾತ್ರಿ ಊಟದ ಹೊತ್ತಿಗೆ ಹರಿನಾಥನ ಫೋನು ಬಂತು. "ಪ್ರಸಾದ, ಅದನ್ನು ಸುಮ್ಮನೆ ಓಡಿಸಿ ಹಾಳು ಮಾಡಬೇಡ ಮಾರಾಯ. ಇನ್ನು ಎಲ್ಲ ಕರೆಂಟಿನ ಗಾಡಿ. ಇಂಥ ಎಂಜಿನ್ ಇನ್ನು ಹುಟ್ಟುವುದಿಲ್ಲ. ಇಪ್ಪತ್ತು ವರ್ಷ ಇಟ್ಟರೆ ಇದು ಕ್ಲಾಸಿಕ್ ಆಗ್ತದೆ, ನೋಡು ಬೇಕಾದ್ರೆ."

ಕ್ಲಾಸಿಕ್! ಆ ಒಂದು ಮಾತು ನನ್ನ ಗಂಡನ ಕಿವಿಗೆ ಹೇಗೆ ಕೇಳಿಸಿರಬೇಕು ಎಂದು ಬೇರೆ ಹೇಳಬೇಕಾಗಿಲ್ಲ. ಮರುದಿನ ನಾನು ಶಾಲೆಯಿಂದ ಬರುವಾಗ ಕಾರು ಅಡಿಕೆ ಗೋಡೌನಿನೊಳಗೆ ಕೆಂಪುಕಲ್ಲುಗಳ ಮೇಲೆ ಕೂತಿತ್ತು. ಬ್ಯಾಟರಿಯ ತಂತಿ ಬಿಚ್ಚಿದ್ದರು. ಸುತ್ತ ಎರಡು ಸುತ್ತು ಪ್ಲಾಸ್ಟಿಕ್ ಟರ್ಪಾಲು, ಅಂಚಿಗೆ ದಬ್ಬಣದ ಹೊಲಿಗೆ. ಕೇಳಿದರೆ, "ಗಾಳಿ ತಾಗಬಾರದು," ಎಂದರು. ನಾಲ್ಕು ವರ್ಷ ಅದು ಹಾಗೆಯೇ ಇತ್ತು. ಇನ್ಶೂರೆನ್ಸ್ ಮಾತ್ರ ತಪ್ಪದೆ ಕಟ್ಟುತ್ತಿದ್ದರು. ಓಡದ ಕಾರಿಗೆ ಅಪಘಾತ ಆಗುವುದು ಹೇಗೆ ಎಂದು ನಾನು ಕೇಳಿದರೆ ರಶೀದಿ ಮಡಚಿ ಕಪಾಟಿನಲ್ಲಿ ಇಡುತ್ತಿದ್ದರು.

ಕಳೆದ ತಿಂಗಳು ಇವರಿಗೂ ಸಂಶಯ ಹುಟ್ಟಿತು. ನಿಜವಾಗಿಯೂ ಇದು ಕ್ಲಾಸಿಕ್ ಆಗುವ ಜಾತಿಯೋ, ಇಟ್ಟರೂ ಹುಳ ಹಿಡಿಯುವ ಜಾತಿಯೋ? ತಿಳಿದವರನ್ನು ಕರೆಸಿ ನೋಡಿಸೋಣ ಎಂದರು. ಕೊಚ್ಚಿಯಲ್ಲಿ ಹಳೆ ಕಾರುಗಳ ಪರೀಕ್ಷೆ ಮಾಡುವ ಒಂದು ಸಂಸ್ಥೆಯಿಂದ ಎಂಜಿನಿಯರ್ ಬರುವುದೆಂದಾಯಿತು. ಬರುವವರ ಹೆಸರು ಕೇಳಿ ನನಗೆ ನಗು ತಡೆಯಲಿಲ್ಲ. ಅಡೂರಿನ ರಮ್ಯಶ್ರೀ! ಇಲ್ಲಿ ತನ್ನ ದೊಡ್ಡಮ್ಮನ ಮನೆಯಲ್ಲಿ ನಿಂತು ನಮ್ಮ ಶಾಲೆಯಲ್ಲಿ ಕಲಿತವಳು. ನನ್ನ ಪೀರಿಯಡಿನಲ್ಲಿ ತ್ರಿಭುಜ ಬಿಡಿಸು ಎಂದರೆ ಅದಕ್ಕೆ ನಾಲ್ಕು ಚಕ್ರ ಇಟ್ಟು ಕೊಡುತ್ತಿದ್ದ ಹುಡುಗಿ.

ಆದರೆ ನಗು ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವಳು ಬರುವ ಹಿಂದಿನ ದಿನ ಇವರು ಚಹಾ ಕುಡಿಯುತ್ತಾ ತೀರ್ಮಾನ ಹೇಳಿಬಿಟ್ಟಿದ್ದರು. "ಆಗ್ತದೆ ಅಂತ ಹೇಳಿದ್ರೆ ಇನ್ನೂ ಗಟ್ಟಿ ಪ್ಯಾಕ್ ಮಾಡಿ ಇಡುವುದು. ಆಗುವುದಿಲ್ಲ ಅಂತ ಹೇಳಿದ್ರೆ ಬರುವ ವಾರವೇ ಮಾರುವುದು."

ನಾನು ಲೆಕ್ಕ ಹಾಕಿದೆ. ಆಗುತ್ತದೆ ಎಂದರೆ ನಾನು ಸ್ಟಿಯರಿಂಗ್ ಹಿಡಿಯುವ ಹೊತ್ತಿಗೆ ನನಗೆ ಎಪ್ಪತ್ತು. ಆಗುವುದಿಲ್ಲ ಎಂದರೆ ಸ್ಟಿಯರಿಂಗೇ ಇಲ್ಲ. ಯಾವ ಕಡೆಯಿಂದ ಬಿಡಿಸಿದರೂ ನನಗೆ ಸೊನ್ನೆ ಬರುವ ಲೆಕ್ಕ ಇದು. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಒಮ್ಮೆ, ಒಂದೇ ಒಂದು ಸಲ ಅದನ್ನು ನಾನು ಬಿಡಬೇಕಿತ್ತು.

ಶನಿವಾರ ಬೆಳಿಗ್ಗೆ ರಮ್ಯಶ್ರೀ ಬಂದಳು. ಜೀನ್ಸ್ ಪ್ಯಾಂಟು, ಕೈಯಲ್ಲಿ ದೊಡ್ಡ ಪೆಟ್ಟಿಗೆ. "ನಮಸ್ಕಾರ ಟೀಚರೇ" ಎಂದವಳೇ ಇವರ ಕಡೆ ತಿರುಗಿದಳು. "ಮಾವ, ಕಾರು ಎಲ್ಲುಂಟು?"

ಇವರು ಗೋಡೌನಿನ ಬಾಗಿಲು ತೆರೆದು ತೋರಿಸಿದರು. ಅವಳು ಹೊಲಿಗೆ ನೋಡಿದಳು, ಟರ್ಪಾಲು ನೋಡಿದಳು, ಆ ಕಡೆ ಈ ಕಡೆ ಜೋಡಿಸಿದ ಅಡಿಕೆ ಮೂಟೆಗಳನ್ನು ನೋಡಿದಳು. ಅವಳೂ ಅಡಿಕೆ ಬೆಳೆಯುವವರ ಮನೆಯವಳೇ, ಅವಳಿಗೆ ವಿವರಿಸಬೇಕಾಗಲಿಲ್ಲ.

"ಮಾವ, ನೀವು ಇದನ್ನು ಚೋಲ್ ಮಾಡ್ಲಿಕ್ಕೆ ಇಟ್ಟದ್ದಾ?"

"ಮತ್ತೆಂತ? ಹಳತಾದ್ರೆ ಬೆಲೆ ಅಲ್ವಾ?"

ಅವಳು ತುಟಿ ಕಚ್ಚಿ ನಗು ತಡೆದಳು. "ಅಡಿಕೆಗೆ ಪಂಪು, ಪೈಪು, ವಯರು ಉಂಟಾ ಮಾವ?"

ಹೊಲಿಗೆ ಬಿಚ್ಚಲು ಹೋದರೆ ನಾಲ್ಕು ವರ್ಷದ ಪ್ಲಾಸ್ಟಿಕ್ ಕೈಯಲ್ಲೇ ಹುಡಿಯಾಯಿತು. ಒಳಗಿನಿಂದ ಬೂಸಲು ವಾಸನೆ ಬಂತು. ಬಟ್ಟೆಯ ಮಾಡಿನ ಮೇಲೆ ಬಿಳಿ ಬೂಸಲು, ಚಕ್ರದ ಹತ್ತಿರ ಇಲಿಯ ಗೂಡು. ನನ್ನ ಗಂಡನ ಮುಖ ನೋಡಲಾಗಲಿಲ್ಲ. ಮೂಟೆ ಬಿಚ್ಚಿದಾಗ ಒಳಗೆಲ್ಲ ಹುಳ ಕಂಡರೆ ಹೇಗಾಗುತ್ತದೋ ಹಾಗೆ ನಿಂತಿದ್ದರು. ನನಗೂ ಪಾಪ ಅನಿಸಿತು. ಇವರು ಆ ಕಾರನ್ನು ಪ್ರೀತಿಸಿದ್ದು ಸುಳ್ಳಲ್ಲ. ಪ್ರೀತಿಸಲು ಗೊತ್ತಿದ್ದದ್ದು ಅದೊಂದೇ ಕ್ರಮ.

ಬೂಸಲು ಒರೆಸುವುದು, ಹಳೆ ಪೆಟ್ರೋಲು ತೆಗೆದು ಹೊಸತು ಹಾಕುವುದು, ಬ್ರೇಕಿನ ಎಣ್ಣೆ ಬದಲಿಸುವುದು, ಟಯರಿಗೆ ಗಾಳಿ, ಇಲಿ ಕಡಿದ ಎರಡು ವಯರಿಗೆ ಟೇಪು. ಮಧ್ಯಾಹ್ನದ ಊಟ ದಾಟಿತು. ಮೂವರೂ ಸೇರಿ ತಳ್ಳಿ ಕಾರನ್ನು ಅಂಗಳಕ್ಕೆ ಇಳಿಸಿದೆವು. ರಮ್ಯಶ್ರೀ ನಮ್ಮ ಪಿಕಪ್ಪಿನ ಬ್ಯಾಟರಿಯಿಂದ ಇದರ ಬ್ಯಾಟರಿಗೆ ವಯರು ಎಳೆದಳು.

"ಟೀಚರೇ, ನೀವು ಒಳಗೆ ಕೂತು ಸ್ಟಾರ್ಟ್ ಮಾಡಿ."

ನಾನು ಡ್ರೈವರ್ ಸೀಟಿನಲ್ಲಿ ಕೂತೆ! ಗುಂಡಿ ಒತ್ತಿದೆ. ಮೊದಲು ಬರೀ ಕೆಮ್ಮು. ಮತ್ತೊಮ್ಮೆ ಒತ್ತಿದೆ. ಹಿಂದಿನಿಂದ ಕಪ್ಪು ಹೊಗೆ ಬಂತು, ಗಾಡಿ ನಡುಗಿತು, ಆಮೇಲೆ ಎಂಟು ಸಿಲಿಂಡರೂ ಒಟ್ಟಿಗೆ ಗುಡುಗಿದವು. ತೆಂಗಿನ ಮರದಲ್ಲಿದ್ದ ಕಾಗೆಗಳೆಲ್ಲ ಹಾರಿದವು. ನಾನು ಜೋರಾಗಿ ನಕ್ಕೆ. ಇವರೂ ನಕ್ಕರು, ಕಣ್ಣಲ್ಲಿ ನೀರು ತುಂಬಿಕೊಂಡು.

"ಇನ್ನು ಮಾಡು ನೋಡುವ," ಎಂದು ರಮ್ಯಶ್ರೀ ಪಿಕಪ್ಪಿನ ವಯರು ಬಿಚ್ಚಿದಳು. "ಇದು ಸರಿ ಇಲ್ಲದಿದ್ರೆ ಬಾಕಿ ಎಲ್ಲ ಇದ್ದೂ ಪ್ರಯೋಜನ ಇಲ್ಲ."

ಗುಂಡಿ ಒತ್ತಿದೆ. ಹಿಂದಿನ ಮುಚ್ಚಳ ಎದ್ದಿತು. ಮಾಡು ಕಿರ್ರ್ ಎಂದು ಮೇಲೆ ಬಂತು, ಅರ್ಧ ಮಡಚಿತು, ಅಲ್ಲಿಗೇ ನಿಂತಿತು. ಬಿಟ್ಟು ಒತ್ತಿದರೂ ಅಷ್ಟೇ, ಹಿಡಿದು ಒತ್ತಿದರೂ ಅಷ್ಟೇ. ಸರಿಯಾಗಿ ಅದೇ ಹೊತ್ತಿಗೆ ಮೂಡು ದಿಕ್ಕಿನಲ್ಲಿ ಗುಡುಗಿತು.

ತುಲಾ ತಿಂಗಳ, ಅಂದರೆ ದೀಪಾವಳಿ ಹೊತ್ತಿನ, ಮಳೆಯ ಕ್ರಮ ನಮಗೆಲ್ಲ ಗೊತ್ತು. ಮಧ್ಯಾಹ್ನದ ಮೇಲೆ ಘಟ್ಟದ ಕಡೆಯಿಂದ ಕರೀ ಮೋಡ ಬರುತ್ತದೆ, ಬಂದರೆ ಸುಮ್ಮನೆ ಹೋಗುವುದಿಲ್ಲ. ಪಡುವಣದಲ್ಲಿ ಮಾತ್ರ ಇನ್ನೂ ಚೆನ್ನಾಗಿ ಬಿಸಿಲಿತ್ತು.

"ಚರ್ಮ ಒದ್ದೆಯಾದ್ರೆ ಎಲ್ಲ ಹೋಯ್ತು!" ಇವರು ಅಂಗಳದಲ್ಲಿ ಆಚೆ ಈಚೆ ಓಡಿದರು. "ಮುಚ್ಚಲಿಕ್ಕೆ ಟರ್ಪಾಲೂ ಇಲ್ಲ. ಒಳಗೆ ತಳ್ಳುವ, ಒಳಗೆ ತಳ್ಳುವ!"

"ಮಾಡು ಹೀಗೆ ಎದ್ದು ನಿಂತಿದ್ರೆ ಗೋಡೌನಿನ ಬಾಗಿಲಲ್ಲಿ ಹಿಡಿಸುವುದಿಲ್ಲ ಮಾವ. ಬ್ಯಾಟರಿಯಲ್ಲಿ ಶಕ್ತಿ ಇಲ್ಲ, ಪಂಪು ಎಳೆಯುವುದಿಲ್ಲ. ಗಾಡಿ ಸ್ವಲ್ಪ ದೂರ ಓಡಿದ್ರೆ ಬ್ಯಾಟರಿ ತುಂಬ್ತದೆ. ಸದ್ಯಕ್ಕೆ ಕೈಯಲ್ಲೇ ಮಡಚುವ."

ಅವಳು ಡಿಕ್ಕಿಯೊಳಗೆ ತಲೆ ಹಾಕಿ ಒಂದು ತಿರುಪು ಸಡಿಲಿಸಿದಳು. ಇಬ್ಬರೂ ಎರಡು ಬದಿಯಲ್ಲಿ ಹಿಡಿದು ಮಾಡನ್ನು ಕೆಳಗೆ ಕೂರಿಸಿದರು. ಆದರೆ ಅದರ ಮೇಲಿನ ಮುಚ್ಚಳದ ಚಿಲಕ ಬೀಳಲಿಲ್ಲ. ಕೈ ಬಿಟ್ಟರೆ ಮೇಲೆ ಏಳುತ್ತದೆ. ಕೊನೆಗೆ ಇವರು ಹಿಂದಿನ ಸೀಟಿನ ಒಂದು ಬದಿಗೆ, ರಮ್ಯಶ್ರೀ ಇನ್ನೊಂದು ಬದಿಗೆ ಹತ್ತಿ, ಹಿಮ್ಮುಖವಾಗಿ ಮೊಣಕಾಲೂರಿ ಮುಚ್ಚಳವನ್ನು ಅದುಮಿ ಹಿಡಿದರು.

"ಸೌದಾಮಿನಿ, ಮೆಲ್ಲ ಗೋಡೌನಿಗೆ ತಗೋ. ಮೆಲ್ಲ!"

ನಮ್ಮ ಅಂಗಳದಲ್ಲಿ ಬಲಕ್ಕೆ ಗೋಡೌನು, ಎಡಕ್ಕೆ ಗೇಟು. ಗೇಟು ತೆರೆದೇ ಇತ್ತು. ಒಂದು ಗಳಿಗೆ ನಾನು ಗೋಡೌನಿನ ಕತ್ತಲೆ ನೋಡಿದೆ. ಈಗ ಒಳಗೆ ಹೋದರೆ ಇದು ಮತ್ತೆ ಹೊರಗೆ ಬರುವುದು ನನ್ನ ಬೆನ್ನು ಬಾಗಿದ ಮೇಲೆ, ಇಲ್ಲವೇ ಬೇರೆಯವರ ಲಾರಿಯಲ್ಲಿ. ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದೆ.

"ಅಯ್ಯೋ, ಆ ಕಡೆ ಅಲ್ಲ!"

"ಮುಚ್ಚಳ ಹಿಡ್ಕೊಳ್ಳಿ!" ಎಂದೆ ನಾನು. ಹಿಡಿದುಕೊಳ್ಳದೆ ಅವರಿಗೆ ಬೇರೆ ದಾರಿ ಇರಲಿಲ್ಲ. ಕೈ ಬಿಟ್ಟು ನನ್ನನ್ನು ತಡೆದರೆ ಮುಚ್ಚಳ ಹಾರಿ ಹೋಗುತ್ತದೆ.

ಆಕ್ಸಿಲರೇಟರ್ ಒತ್ತಿದೆ. ಗಾಡಿ ನೆಗೆಯಿತು! ಸ್ಕೂಟರಿನಲ್ಲಿ ಏದುಸಿರು ಬಿಡುತ್ತಾ ಹತ್ತುತ್ತಿದ್ದ ಏರನ್ನು ಅದು ಏರೆಂದು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮೀಯಪದವು ದಾಟುವಾಗ ಗಾಳಿ ಕಿವಿಯಲ್ಲಿ ಸುಯ್ಯೆಂದಿತು, ಜಡೆ ಬಿಚ್ಚಿ ಮುಖಕ್ಕೆ ಹೊಡೆಯಿತು. ಅಮ್ಮಣ್ಣಿಯಮ್ಮ ಯಾಕೆ ಹೆದರಿದರೋ ನನಗಂತೂ ಅರ್ಥವಾಗಲಿಲ್ಲ. ತಿರುವಿನಲ್ಲೂ ಗಾಡಿ ರಸ್ತೆಗೆ ಅಂಟಿಕೊಂಡೇ ಹೋಯಿತು. ನಾನು ಕಿರುಚಿದೆ ಎಂದು ಆಮೇಲೆ ರಮ್ಯಶ್ರೀ ಹೇಳಿದಳು. ಕಿರುಚಿದ್ದರೆ ಕಿರುಚಿರಬಹುದು, ನನಗೇನು ನಾಚಿಕೆ?

"ಮಳೆ ಎಲ್ಲಿಗೆ ಬಂತು?" ಎಂದು ಕೇಳಿದೆ.

ಹಿಂದಕ್ಕೆ ಮುಖ ಮಾಡಿ ಕೂತವರಿಗೇ ಅದು ಕಾಣುವುದು. "ಆ ಗುಡ್ಡ ಬೆಳ್ಳಗಾಯ್ತು!" ಎಂದರು ಇವರು. ಸ್ವಲ್ಪ ಹೊತ್ತಿಗೆ, "ಶಾಲೆ ಮೈದಾನಕ್ಕೆ ಬಂತು! ಬೇಗ ಹೋಗು ಮಾರಾಯ್ತಿ, ಬೇಗ!"

ಬೇಗ ಹೋಗು! ನನ್ನ ಗಂಡನ ಬಾಯಿಂದ!

ಹೊಸಂಗಡಿಯಲ್ಲಿ ಹೈವೇಯ ಕೆಳಗಿಂದ ಆಚೆ ನುಗ್ಗಿದರೆ ರೈಲ್ವೆ ಗೇಟು ಹಾಕಿತ್ತು. ಸಮುದ್ರದ ಕಡೆ ಬಿಸಿಲು, ಬೆನ್ನ ಹಿಂದೆ ಮಳೆ, ನಡುವೆ ನಾವು. ಎದುರಿಗೆ ಆಟೋಗಳ ಸಾಲು. ಒಂದು ನಿಮಿಷದೊಳಗೆ ಸುತ್ತ ಜನ ಸೇರಿದರು. ಮೀನಿನ ಬುಟ್ಟಿ ಇಳಿಸಿ ನಿಂತವರು, ಬಸ್ಸಿಗೆ ಕಾಯುತ್ತಿದ್ದವರು, ಟ್ಯೂಷನ್ ಮುಗಿಸಿ ಬರುತ್ತಿದ್ದ ಮಕ್ಕಳು. "ಅಯ್ಯೋ, ಇದು ನಮ್ಮ ಲೆಕ್ಕದ ಟೀಚರ್!" ಎಂದು ಯಾರೋ ಕೂಗಿದ್ದೇ ತಡ, ಮಕ್ಕಳು ಚಪ್ಪಾಳೆ ಹೊಡೆದರು. ಅಂಗಡಿಯ ಬಾಗಿಲಲ್ಲಿ ಹರಿನಾಥ ಬಾಯಿ ತೆರೆದು ನಿಂತಿದ್ದ. ಹಿಂದಿನ ಸೀಟಿನಲ್ಲಿ ಊರಿನ ದೊಡ್ಡ ಕೃಷಿಕರೊಬ್ಬರು ಹಿಮ್ಮುಖವಾಗಿ ಮೊಣಕಾಲೂರಿ ಕೂತದ್ದನ್ನು ನೋಡಿ ಅವನು ರಸ್ತೆಗೇ ಇಳಿದು ಬಂದ.

"ಪ್ರಸಾದ, ಎಂತ ಆಯ್ತು ಮಾರಾಯ?"

"ನಿನ್ನ ಕ್ಲಾಸಿಕ್ ಹಿಡ್ಕೊಂಡು ಕೂತಿದ್ದೇನೆ!" ಎಂದರು ಇವರು.

ರೈಲು ದಾಟಿತು, ಗೇಟು ಎದ್ದಿತು. ಆಟೋಗಳು ತಾವಾಗಿಯೇ ಬದಿಗೆ ಸರಿದು ದಾರಿ ಬಿಟ್ಟವು. ಅಲ್ಲಿಂದ ಬಂಗ್ರಮಂಜೇಶ್ವರದ ಕಡಲ ಕರೆಗೆ ಹೋಗಿ ನಿಲ್ಲಿಸುವವರೆಗೆ ಇವರು ಒಂದು ಮಾತೂ ಆಡಲಿಲ್ಲ. ಸಿಟ್ಟು ಬಂದಿದೆ ಎಂದುಕೊಂಡೆ. ಬರಲಿ. ಆ ಹೊತ್ತಿಗೆ ನನ್ನ ಖುಷಿ ಅಷ್ಟು ದೊಡ್ಡದಿತ್ತು.

ಸಮುದ್ರದ ಮೇಲೆ ಬಿಸಿಲು ಇನ್ನೂ ಬಾಕಿ ಇತ್ತು. ರಮ್ಯಶ್ರೀ ಇಳಿದು ತಿರುಪು ಮತ್ತೆ ಬಿಗಿ ಮಾಡಿದಳು. "ಎಂಜಿನ್ ಆಫ್ ಮಾಡಬೇಡಿ ಟೀಚರೇ. ಒತ್ತಿ."

ಒತ್ತಿದೆ. ಮುಚ್ಚಳ ಎದ್ದಿತು. ಮಾಡು ಎದ್ದಿತು. ಹಿಂದೆ ನಿಂತಿದ್ದ ಜಾಗಕ್ಕೆ ಬಂದು ಒಮ್ಮೆ ಅನುಮಾನಿಸಿತು, ಆದರೆ ನಿಲ್ಲಲಿಲ್ಲ. ಮುಂದೆ ಬಂತು, ತಲೆಯ ಮೇಲೆ ಹರಡಿಕೊಂಡಿತು, ಕಟಕ್ ಎಂದು ಕೂತಿತು. ರಮ್ಯಶ್ರೀ ಓಡಿ ಬಂದು ಒಳಗೆ ಹತ್ತಿದಳು. ಬಟ್ಟೆಯ ಮೇಲೆ ಮೊದಲ ಹನಿಗಳು ಟಪಟಪ ಬಿದ್ದವು. ಮತ್ತೆ ಕಡಲೂ ಕಾಣದ ಹಾಗೆ ಸುರಿಯಿತು. ಒಳಗೆ ಒಂದು ಹನಿಯೂ ಇಲ್ಲ.

ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ನಕ್ಕೆವು. ಆಮೇಲೆ ಇವರು ಗಂಟಲು ಸರಿ ಮಾಡಿಕೊಂಡರು. ನನಗೆ ಗೊತ್ತಾಯಿತು, ಪ್ರಶ್ನೆ ಬರುತ್ತಿದೆ. ಸ್ಟಿಯರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಈಗ ಹೇಳು ರಮ್ಯ. ಇದು ಕ್ಲಾಸಿಕ್ ಆಗ್ತದಾ ಇಲ್ವಾ?"

ಅವಳು ಬಾನೆಟ್ ಕಡೆ ಕೈ ತೋರಿಸಿದಳು. "ಎಂಜಿನ್ ಒಳ್ಳೆಯದುಂಟು ಮಾವ. ಇಂಥದ್ದು ಇನ್ನು ಬರುವುದಿಲ್ಲ ಅಂತ ಹರಿನಾಥಣ್ಣ ಹೇಳಿದ್ದು ಸರಿಯೇ. ಕಂಪೆನಿಯವರು ಇಂಥದ್ದು ತಯಾರಿಸಿದ್ದೂ ಕಡಿಮೆ. ಇದು ಆಗುವ ಜಾತಿಯೇ."

ಆಗುವ ಜಾತಿ. ಅಂದರೆ ಹೊಸ ಟರ್ಪಾಲು, ಹೊಸ ಹೊಲಿಗೆ.

"ಆದ್ರೆ ಮಾವ, ಇಪ್ಪತ್ತು ವರ್ಷ ಕಳೆದು ಇದನ್ನು ಯಾರು ಕೇಳಿಕೊಂಡು ಬರ್ತಾರೆ, ಗೊತ್ತುಂಟಾ?"

"ಯಾರು? ದೊಡ್ಡ ದುಡ್ಡಿನವರು."

"ಆ ದುಡ್ಡಿನವರಿಗೆ ಈಗ ಹತ್ತು ಹನ್ನೆರಡು ವರ್ಷ. ಕ್ಲಾಸಿಕ್ ಕಾರು ತೆಗೆದುಕೊಳ್ಳುವವರನ್ನೆಲ್ಲ ನಾನು ಒಂದು ಮಾತು ಕೇಳ್ತೇನೆ, ಎಂತಕ್ಕೆ ಇದೇ ಬೇಕು ಅಂತ. ಹೆಚ್ಚಿನವರದ್ದು ಒಂದೇ ಉತ್ತರ. ಸಣ್ಣದಿರುವಾಗ ಒಮ್ಮೆ ರಸ್ತೆಯಲ್ಲಿ ಹೋಗುವುದು ನೋಡಿದ್ದೆ, ಮತ್ತೆ ಮರೆಯಲಿಕ್ಕೆ ಆಗಲಿಲ್ಲ ಅಂತ. ನಿಮ್ಮ ಕಾರನ್ನು ನಾಲ್ಕು ವರ್ಷದಲ್ಲಿ ನೋಡಿದ್ದು ಇಲಿಗಳು ಮಾತ್ರ. ಇದು ಬೇಕು ಅಂತ ಯಾರಿಗಾದರೂ ಅನ್ನಿಸಬೇಕಾದ್ರೆ ಹೇಗೆ?"

ಮಳೆ ಬಟ್ಟೆಯ ಮೇಲೆ ಬಡಿಯುತ್ತಲೇ ಇತ್ತು. ಕನ್ನಡಿಯಲ್ಲಿ ನೋಡಿದೆ, ಇವರು ಹುಬ್ಬು ಗಂಟಿಕ್ಕಿ ಕೂತಿದ್ದರು, ಅಡಿಕೆ ರೇಟು ಏರುವುದೋ ಇಳಿಯುವುದೋ ಎಂದು ಯೋಚಿಸುವಾಗ ಕೂರುವ ಹಾಗೆ.

"ರೈಲ್ವೆ ಗೇಟಿನ ಹತ್ತಿರ ಒಬ್ಬಳು ಹುಡುಗಿ ಇದ್ದಳು," ಎಂದರು ಕೊನೆಗೆ. "ಕೈಯಲ್ಲಿ ಐಸ್‌ಕ್ಯಾಂಡಿ. ನಾನು ಹಿಂದೆ ನೋಡಿಕೊಂಡೇ ಇದ್ದೆನಲ್ಲ, ಸರಿಯಾಗಿ ಕಂಡಳು. ನಾವು ತಿರುವು ದಾಟಿ ಮರೆಯಾಗುವವರೆಗೂ ನೋಡ್ತಾ ಇದ್ದಳು. ಐಸ್‌ಕ್ಯಾಂಡಿ ಕರಗಿ ಕೈ ಎಲ್ಲ ಕೆಂಪಾದ್ದೂ ಗೊತ್ತಾಗಲಿಲ್ಲ ಅವಳಿಗೆ. ಅವಳ ಹಿಂದೆ ಇನ್ನೂ ತುಂಬ ಮಕ್ಕಳಿದ್ದರು. ಎಲ್ಲರೂ ಹಾಗೆಯೇ ನೋಡ್ತಿದ್ದರು."

"ಅದೇ ಮಾವ," ಎಂದಳು ರಮ್ಯಶ್ರೀ.

ಇವರ ತಲೆಯೊಳಗೆ ಏನೋ ದೊಡ್ಡ ಲೆಕ್ಕ ನಡೆಯುತ್ತಿತ್ತು. ಮೂವತ್ತು ವರ್ಷ ಜೊತೆಗೆ ಬಾಳಿದವಳಿಗೆ ಅದು ಬೆನ್ನ ಹಿಂದೆಯೂ ಗೊತ್ತಾಗುತ್ತದೆ. ಆಮೇಲೆ ಮುಂದೆ ಬಾಗಿ, ನನ್ನ ಸೀಟಿನ ಮೇಲೆ ಕೈಯಿಟ್ಟು, ವ್ಯಾಪಾರದ ಗುಟ್ಟು ಹೇಳುವವರ ಹಾಗೆ ತಗ್ಗಿದ ದನಿಯಲ್ಲಿ ಕೇಳಿದರು.

"ಸೌದಾಮಿನಿ, ನಿನ್ನ ಶಾಲೆಯಲ್ಲಿ ಮಕ್ಕಳು ಎಷ್ಟು?"

"ಸಾವಿರಕ್ಕೂ ಮೇಲೆ," ಎಂದೆ.

"ಹಾಗಾದ್ರೆ ಸೋಮವಾರದಿಂದ ಇದರಲ್ಲೇ ಹೋಗು," ಎಂದರು. "ಮಳೆ ಇಲ್ಲದಿದ್ರೆ ಮಾಡು ತೆರೆದಿರಲಿ. ಮತ್ತೆ, ಶಾಲೆ ಗೇಟಿನ ಹತ್ತಿರ ಮೆಲ್ಲ ಹೋಗು, ಎಲ್ಲರಿಗೂ ಸರಿ ಕಾಣಲಿ."